ಕಾಗದ ಸುತ್ತಿ ನೋಡು

ಶಿರಸಿ

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಮಳೆ ಹೊಳವಾಗಿಲ್ಲ. ತೋಟಕ್ಕೆ ಎರಡನೇ ಸಲ ಮದ್ದು ಹೊಡೆಸುವುದು ಬಾಕಿಯೇ ಇದೆ. ಮೊನ್ನೆ ಫೋನಿನಲ್ಲಿ ನೀನು, ನ್ಯಾನೊಟ್ಯೂಬಿನ, ಅಂದರೆ ಕಾರ್ಬನ್ ಪರಮಾಣುಗಳ ಹಾಳೆ ಸುತ್ತಿದಂತಿರುವ ಅತಿ ಸಣ್ಣ ಕೊಳವೆಯ, ಲೆಕ್ಕಕ್ಕೆ ಕಂಪ್ಯೂಟರ್ ಒಂದು ಲೋಹ, ಇನ್ನೊಂದು ಅರೆವಾಹಕ ಅಂತ ಉತ್ತರ ಕೊಟ್ಟಿತು, ಆದರೆ ಯಾಕೆ ಹಾಗೆ ಅಂತ ಗೈಡ್ ಕೇಳಿದಾಗ ಮಾತೇ ಹೊರಡಲಿಲ್ಲ ಅಂದೆಯಲ್ಲ, ಅದೇ ತಲೆಯಲ್ಲಿ ಕೊರೆಯುತ್ತಿದೆ.

ಒಂದು ದಿನ ಕಂಪ್ಯೂಟರ್ ಮುಚ್ಚಿಡು, ಮಗಳೇ. ಹಾಳೆ ತುಂಬ ಆರು ಮೂಲೆಯ ಮನೆಗಳನ್ನು ಬರೆ, ನಮ್ಮ ಪೆಟ್ಟಿಗೆಯ ಜೇನಿನ ಎರಿಯ ಹಾಗೆ. ಮೂಲೆಗೊಂದು ಕಾರ್ಬನ್ ಪರಮಾಣು. ಒಂದು ಮನೆಗೆ ಗುರುತು ಹಾಕಿ, ನೇರ ಸಾಲಿನಲ್ಲಿ 10 ಮನೆ ದಾಟು. ನಿಂತ ಮನೆ ಗುರುತಿನ ಮನೆಯ ಮೇಲೆ ಸರಿಯಾಗಿ ಕೂರುವಂತೆ ಹಾಳೆ ಸುತ್ತು. ಇದು (10,0) ಕೊಳವೆ. ಸುತ್ತುವ ಮೊದಲು 60 ಡಿಗ್ರಿ ತಿರುಗಿ ಇನ್ನೂ 10 ಮನೆ ದಾಟಿದ್ದರೆ (10,10). ಮೊದಲನೆಯದು ಅರೆವಾಹಕ, ಎರಡನೆಯದು ಲೋಹದಂತೆ ಕರೆಂಟ್ ಹರಿಸುತ್ತದೆ. ಹಾಳೆ ಅದೇ, ಕಾರ್ಬನ್ ಅದೇ!

ಎಲೆಕ್ಟ್ರಾನಿನ ಅಲೆ ಕೊಳವೆಗೆ ಒಂದು ಸುತ್ತು ಬಂದರೆ ತನ್ನ ಬಾಲಕ್ಕೆ ತಾನೇ ಸರಿಯಾಗಿ ಕೂಡಬೇಕು. ಕೂಡದ ಅಲೆಗೆ ಅಲ್ಲಿ ಜಾಗವಿಲ್ಲ. ಹರವಿದ ಹಾಳೆಯಲ್ಲಿ ಎಲೆಕ್ಟ್ರಾನ್ ತುಂಬಿದ ಶಕ್ತಿಮಟ್ಟವೂ ಖಾಲಿ ಶಕ್ತಿಮಟ್ಟವೂ ಒಂದನ್ನೊಂದು ಮುಟ್ಟುವುದು ಕೆಲವೇ ಅಲೆಗಳಲ್ಲಿ. ಸುತ್ತಿದ ಮೇಲೂ ಅವು ಉಳಿದರೆ ಲೋಹ, ತಪ್ಪಿಹೋದರೆ ನಡುವೆ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನಿಗೆ ಜಾಗವಿಲ್ಲದ ಶಕ್ತಿಯ ಅಂತರ. ಲೋಹವಾಗಲು ಆವರಣದ ಎರಡು ಸಂಖ್ಯೆಗಳ ವ್ಯತ್ಯಾಸ ಮೂರರಿಂದ ಭಾಗವಾಗಬೇಕು ಎಂಬ ನಿಯಮ ಹುಟ್ಟಿದ್ದೇ ಇಲ್ಲಿಂದ. 1992ರಲ್ಲಿ ಲೆಕ್ಕದಲ್ಲೇ ಹೇಳಿದ್ದ ಈ ಮಾತು 1998ರಲ್ಲಿ, ಚೂಪು ಮೊನೆಯಿಂದ ಪರಮಾಣುಗಳನ್ನು ನೋಡುವ ಸ್ಕ್ಯಾನಿಂಗ್ ಟನಲಿಂಗ್ ಮೈಕ್ರೋಸ್ಕೋಪಿನಲ್ಲಿ ಕಣ್ಣಿಗೆ ಬಿತ್ತು.

ಆದರೆ ನಿಯಮಕ್ಕೆ ಜೋತು ಬೀಳಬೇಡ. ನಾನು ಪಾಠ ಹೇಳುವಾಗ (9,0) ಲೋಹ ಅಂತಲೇ ಬರೆಸುತ್ತಿದ್ದೆ. ಒಬ್ಬ ಹುಡುಗ ಹಾಳೆಯನ್ನು ತೀರಾ ಸಣ್ಣಗೆ ಸುತ್ತಲು ಹೋಗಿ ಅದು ಮುರಿದು ಮಡಿಕೆ ಬಿತ್ತು. 'ಸರ್, ಇಷ್ಟು ಬಗ್ಗಿಸಿದರೆ ಬಂಧಗಳು ಮೊದಲಿನ ಹಾಗೇ ಇರುತ್ತಾವಾ?' ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ. ಮನೆಗೆ ಬಂದು ಓದಿದೆ. ಅವನು ಕೇಳಿದ್ದೇ ಸರಿ. ಅಷ್ಟು ಬಾಗಿದಾಗ ಬಂಧಗಳು ಬದಲಾಗಿ (9,0)ರಲ್ಲೂ ಸುಮಾರು 0.08 ಎಲೆಕ್ಟ್ರಾನ್ ವೋಲ್ಟಿನ ಸಣ್ಣ ಗ್ಯಾಪ್ ತೆರೆದುಕೊಳ್ಳುತ್ತದೆ. ಮರುದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡು ತಿದ್ದಿಸಿದೆ. ನಿನ್ನ ಗೈಡ್ ಕೇಳಿದಾಗಲೂ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅಂತಲೇ ಹೇಳು.

(7,1) ಕೂಡ ಸುತ್ತಿ ನೋಡು, ಸಾಲುಗಳು ಹಗ್ಗದ ಹುರಿಯ ಹಾಗೆ ತಿರುಚಿಕೊಳ್ಳುತ್ತವೆ. ಚೌತಿಗೆ ಬರುವಾಗ ಹಾಳೆಗಳನ್ನೆಲ್ಲ ತಗೊಂಡು ಬಾ. ಜಗುಲಿಯಲ್ಲಿ ಕೂತು ನೋಡೋಣ.

ನಿನ್ನ ದೊಡ್ಡಪ್ಪ