ಆ ಹಾಳೆಯಲ್ಲಿ ಏನಿದೆ ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನೆ ರಾತ್ರಿ ನೀನು ಕಳುಹಿಸಿದ ಸಂದೇಶವನ್ನು ಪಾಳಿ ಮುಗಿಸಿ ಬಂದ ಮೇಲೆ ಓದಿದೆ. ಅಮ್ಮನನ್ನು ವೆಂಟಿಲೇಟರ್‌ಗೆ ಹಾಕಿ ಇವತ್ತಿಗೆ ನಾಲ್ಕು ದಿನ. ಮೂತ್ರನಾಳದ ಸೋಂಕು ರಕ್ತಕ್ಕೆ ಹರಡಿದೆ, ಮೊದಲೇ ಸಕ್ಕರೆ ಕಾಯಿಲೆ, ಈಗ ಮೂತ್ರಪಿಂಡವೂ ಸೋಲುತ್ತಿದೆ. ಇಷ್ಟೆಲ್ಲದರ ನಡುವೆ ನೀನು ಕೇಳಿದ್ದು ಒಂದೇ ಪ್ರಶ್ನೆ: "ನರ್ಸ್ ಅಮ್ಮನ ಮುಖ ನೋಡುವುದಕ್ಕಿಂತ ಮಂಚದ ಬುಡದಲ್ಲಿರುವ ಆ ದೊಡ್ಡ ಹಾಳೆಯನ್ನೇ ಹೆಚ್ಚು ನೋಡುತ್ತಾರೆ. ಬರೆಯುವುದೇ ಅವರ ಕೆಲಸವೇ?"

ಹದಿನಾಲ್ಕು ವರ್ಷಗಳಿಂದ ಅಂಥದ್ದೇ ಹಾಳೆ ತುಂಬಿಸುತ್ತಾ ಬಂದ ನನಗೆ ಆ ಮಾತು ಚುಚ್ಚಿತು. ಆದರೆ ಕೋಪ ಬರಲಿಲ್ಲ. ಗಾಜಿನ ಬಾಗಿಲಿನಾಚೆ ನಿಂತವರಿಗೆ ಹಾಗೆಯೇ ಕಾಣುತ್ತದೆ. ಫೋನಿನಲ್ಲಿ ಹೇಳಿದರೆ ಅರ್ಧಂಬರ್ಧವಾಗುತ್ತದೆ ಎಂದು ಕುಳಿತು ಬರೆಯುತ್ತಿದ್ದೇನೆ. ನಿನ್ನಂತೆಯೇ ಬಾಗಿಲ ಹೊರಗೆ ಕಾಯುತ್ತಿರುವ ಬೇರೆಯವರೂ ಓದಲಿ ಎಂದು, ನೀನು ಒಪ್ಪಿದ್ದರಿಂದ, ಎಲ್ಲರಿಗೂ ಕಾಣುವಂತೆ ಹಾಕುತ್ತಿದ್ದೇನೆ.

ಆ ಹಾಳೆಯಲ್ಲಿ ಅಡ್ಡಕ್ಕೆ 24 ಗಂಟೆಗಳಿವೆ. ಉದ್ದಕ್ಕೆ ನಾಡಿ, ರಕ್ತದೊತ್ತಡ, ಉಸಿರು, ಆಮ್ಲಜನಕ, ಜ್ವರ, ಸಕ್ಕರೆ, ಒಳಗೆ ಹೋದ ದ್ರವ, ಹೊರಗೆ ಬಂದ ಮೂತ್ರ, ಪ್ರತಿ ಔಷಧಿ ಯಾವ ವೇಗದಲ್ಲಿ ಓಡುತ್ತಿದೆ ಎಂಬ ಲೆಕ್ಕ. ಅವುಗಳಲ್ಲಿ ಯಾವುದೋ ಒಂದು ಅಂಕಿಯನ್ನು ಮಾತ್ರ ನೋಡಿದರೆ ಹೆಚ್ಚೇನೂ ತಿಳಿಯುವುದಿಲ್ಲ. ಹತ್ತು ಗಂಟೆಗೆ ಮೂತ್ರ 40 ಮಿಲಿಲೀಟರ್ ಎಂದರೆ ಒಳ್ಳೆಯದೇ. ಆದರೆ ಎಂಟಕ್ಕೆ 70 ಇತ್ತು, ಒಂಬತ್ತಕ್ಕೆ 55 ಇತ್ತು ಎಂದು ಪಕ್ಕದಲ್ಲೇ ಬರೆದಿದ್ದರೆ ಅದೇ 40 ಬೇರೆ ಕಥೆ ಹೇಳುತ್ತದೆ. ಇಳಿಜಾರು ಕಾಣುವುದು ಆ ಹಾಳೆಯಲ್ಲಿ ಮಾತ್ರ. ದೇಹದ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್‌ಗಿಂತ ಕಡಿಮೆಯಾದರೆ ನಾವು ಚಿಂತೆ ಮಾಡಲು ಶುರು ಮಾಡುತ್ತೇವೆ. ಅಮ್ಮನ ತೂಕ 60 ಕಿಲೋ ಎಂದೆಯಲ್ಲ, ಅವರ ಮಟ್ಟಿಗೆ ಅದು 30. ಆ ಗೆರೆ ಮುಟ್ಟುವ ಮೊದಲೇ ವೈದ್ಯರನ್ನು ಕರೆಯುವ ನರ್ಸ್ ಸಿಕ್ಕರೆ ಅದು ರೋಗಿಯ ಪುಣ್ಯ.

ಈ ಪಾಠವನ್ನು ನಾನು ಕಲಿತದ್ದು ಹೇಗೆಂದು ನಿನಗೆ ಎಂದೂ ಹೇಳಿಲ್ಲ. ಕೆಲಸಕ್ಕೆ ಸೇರಿದ ಹೊಸತು, ಆಗ ಐಸಿಯು ಅಲ್ಲ, ಸಾಮಾನ್ಯ ವಾರ್ಡು. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಒಬ್ಬ ಹಿರಿಯರು ಕಿಟಕಿಯ ಪಕ್ಕದ ಹಾಸಿಗೆಯಲ್ಲಿದ್ದರು. ನಾಡಿ ನೋಡಿದೆ, ಒತ್ತಡ ನೋಡಿದೆ, ಬೆರಳಿಗೆ ಕ್ಲಿಪ್ ಹಾಕಿದೆ, ಆಮ್ಲಜನಕ 97. ಉಸಿರಿನ ಕಾಲಂನಲ್ಲಿ ಕೈ ತಾನಾಗಿಯೇ 18 ಎಂದು ಬರೆಯಿತು. ಎಣಿಸಿರಲಿಲ್ಲ. ಮುಂದಿನ ಹಾಸಿಗೆಗೆ ಹೊರಟಿದ್ದೆ. ಹಿಂದೆಯೇ ಬಂದ ಹಿರಿಯ ನರ್ಸ್ ಹಾಳೆ ನೋಡಿದರು, ಏನೂ ಮಾತನಾಡಲಿಲ್ಲ, ರೋಗಿಯ ಎದೆಯ ಮೇಲೆ ಅಂಗೈ ಇಟ್ಟು ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಂತರು. ನಂತರ ನನ್ನ ಕೈ ಹಿಡಿದು ಅದೇ ಜಾಗದಲ್ಲಿ ಇಟ್ಟರು. ಎಣಿಸಿದೆ. 32.

ಆ ಹಿರಿಯರು ನರಳಿರಲಿಲ್ಲ, ಯಾರನ್ನೂ ಕರೆದಿರಲಿಲ್ಲ. ದೇಹದೊಳಗೆ ತೊಂದರೆ ಶುರುವಾದಾಗ ಎಷ್ಟೋ ಸಲ ಮೊದಲು ಏರುವುದೇ ಉಸಿರಿನ ವೇಗ. ಹೆಚ್ಚು ಉಸಿರಾಡಿ, ಹೆಚ್ಚು ದುಡಿದು ದೇಹ ಆಮ್ಲಜನಕದ ಅಂಕಿಯನ್ನು ಹಿಡಿದು ನಿಲ್ಲಿಸಿಕೊಂಡಿರುತ್ತದೆ. ಆ ಅಂಕಿ ಬೀಳುವ ಹೊತ್ತಿಗೆ ದೇಹ ದಣಿದಿರುತ್ತದೆ. ಅವರ ಹೊಟ್ಟೆಯೊಳಗೆ ಹೊಲಿಗೆ ಸೋರುತ್ತಿತ್ತು. ಅಂದು ರಾತ್ರಿಯೇ ಮತ್ತೆ ಶಸ್ತ್ರಚಿಕಿತ್ಸೆಯಾಯಿತು, ಬದುಕಿ ಮನೆಗೆ ಹೋದರು. ನಾನು ಬರೆದ 18 ಹಾಗೆಯೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಇವತ್ತಿಗೂ ನಿದ್ದೆಯಲ್ಲಿ ಬೆಚ್ಚುತ್ತೇನೆ. ಅಂದಿನಿಂದ ಎಣಿಸದೆ ಒಂದು ಅಂಕಿಯನ್ನೂ ಬರೆದಿಲ್ಲ.

ಅಮ್ಮನಂಥವರ ಶುಶ್ರೂಷೆ ಕಷ್ಟವಾಗುವುದು ಏಕೆಂದರೆ, ಅಲ್ಲಿ ಒಂದು ಅಂಗದ ಮದ್ದು ಇನ್ನೊಂದು ಅಂಗದ ಹೊರೆ. ಸೋಂಕಿನಿಂದ ರಕ್ತನಾಳಗಳು ಸಡಿಲವಾಗಿ ಒತ್ತಡ ಬೀಳುತ್ತದೆ, ಅದಕ್ಕೆ ದ್ರವ ಕೊಡಬೇಕು. ಕೊಟ್ಟ ದ್ರವವನ್ನು ಹೊರಹಾಕಬೇಕಾದ ಮೂತ್ರಪಿಂಡ ಸೋತಿದೆ. ಉಳಿದ ನೀರು ಶ್ವಾಸಕೋಶದಲ್ಲಿ ತುಂಬಿಕೊಂಡರೆ ಉಸಿರಾಟ ಕೆಡುತ್ತದೆ. ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬ ತೀರ್ಮಾನ ವೈದ್ಯರದು. ಆದರೆ ಆ ತೀರ್ಮಾನ ನಿಂತಿರುವುದು ಗಂಟೆಗಂಟೆಗೆ ಮೂತ್ರದ ಚೀಲವನ್ನು ಬಗ್ಗಿ ನೋಡಿ ಬರೆದ ಅಂಕಿಯ ಮೇಲೆ.

ಸಕ್ಕರೆಯ ವಿಷಯ ಇನ್ನೂ ಸೂಕ್ಷ್ಮ. ಐಸಿಯುನಲ್ಲಿ ಸಾಮಾನ್ಯವಾಗಿ ಅದನ್ನು 140ರಿಂದ 180ರ ನಡುವೆ ಇಡಲು ಪ್ರಯತ್ನಿಸುತ್ತೇವೆ. ಅಮ್ಮನಿಗೆ ಒಂದು ಕಡೆ ಮೂಗಿನ ನಳಿಕೆಯಿಂದ ಆಹಾರ ಹೋಗುತ್ತಿದೆ, ಇನ್ನೊಂದು ಕಡೆ ಪಂಪ್‌ನಿಂದ ಇನ್ಸುಲಿನ್. ಸ್ಕ್ಯಾನ್‌ಗೆ ಕರೆದೊಯ್ಯಬೇಕೆಂದು ಯಾರೋ ಆಹಾರ ನಿಲ್ಲಿಸುತ್ತಾರೆ ಎಂದುಕೋ. ಇನ್ಸುಲಿನ್ ಓಡುತ್ತಲೇ ಇರುತ್ತದೆ. ಎಚ್ಚರವಿರುವವರಾದರೆ ಬೆವರುತ್ತಾರೆ, ನಡುಗುತ್ತಾರೆ, ತಲೆ ಸುತ್ತುತ್ತಿದೆ ಎಂದು ಹೇಳುತ್ತಾರೆ. ಮತ್ತಿನ ಔಷಧಿಯಲ್ಲಿ ಮಲಗಿರುವವರು ಏನು ಹೇಳಿಯಾರು? ಸಕ್ಕರೆ ಕುಸಿದು ಮಿದುಳಿಗೆ ಪೆಟ್ಟಾಗುತ್ತಿದ್ದರೂ ಮುಖ ಶಾಂತವಾಗಿಯೇ ಇರುತ್ತದೆ. ಆಹಾರ ನಿಂತ ಕ್ಷಣವೇ "ಇನ್ಸುಲಿನ್?" ಎಂದು ನೆನಪಾಗಬೇಕಾದದ್ದು ಪಕ್ಕದಲ್ಲಿರುವ ನರ್ಸ್‌ಗೆ.

ಒತ್ತಡ ಏರಿಸುವ ನಾರ್‌ಅಡ್ರಿನಲಿನ್ ಎಂಬ ಔಷಧಿಯ ಹೆಸರನ್ನು ನೀನು ಕೇಳಿದ್ದೀಯಲ್ಲ. ರಕ್ತದಲ್ಲಿ ಅದರ ಆಯುಷ್ಯ ಎರಡು ಮೂರು ನಿಮಿಷ. ಸಿರಿಂಜ್ ಖಾಲಿಯಾಗಿ ಹೊಸದನ್ನು ಹಾಕುವುದರೊಳಗೆ ಸ್ವಲ್ಪ ತಡವಾದರೂ ಒತ್ತಡ ಪಾತಾಳಕ್ಕೆ ಇಳಿಯಬಹುದು. ಹಾಗಾಗಿ ಮೊದಲೇ ಇನ್ನೊಂದು ಸಿರಿಂಜ್ ತುಂಬಿಸಿ, ಹೆಸರಿನ ಚೀಟಿ ಅಂಟಿಸಿ, ಇನ್ನೊಬ್ಬ ನರ್ಸ್ ಜೊತೆ ಪ್ರಮಾಣವನ್ನು ತಾಳೆ ನೋಡಿ ಸಿದ್ಧವಾಗಿಟ್ಟಿರುತ್ತೇವೆ. ಬದಲಿಸುವಾಗ ಕಣ್ಣು ಪೂರ್ತಿ ಮಾನಿಟರ್ ಮೇಲಿರುತ್ತದೆ. ಆಗ ಯಾರಾದರೂ ಮಾತನಾಡಿಸಿದರೆ ನಾನು ಉತ್ತರಿಸುವುದಿಲ್ಲ. ಮೊನ್ನೆ ನೀನು ಏನೋ ಕೇಳಿದಾಗ ಅಲ್ಲಿನ ನರ್ಸ್ ಮುಖ ತಿರುಗಿಸಿದರು ಎಂದೆಯಲ್ಲ, ಅವರ ಕೈಯಲ್ಲಿ ಏನಿತ್ತು ಎಂದು ಒಮ್ಮೆ ನೆನಪಿಸಿಕೊಂಡು ನೋಡು.

ಕಫ ತೆಗೆಯುವುದನ್ನು ಕಂಡು ನೀನು ಹೊರಗೆ ಓಡಿ ಬಂದೆ ಎಂದು ತಂಗಿ ಹೇಳಿದಳು. ನಿಜ, ನೋಡಲು ಸಂಕಟವಾಗುತ್ತದೆ. ಉಸಿರಿನ ಕೊಳವೆಯೊಳಗೆ ಸಪೂರ ನಳಿಕೆ ಇಳಿಸಿದಾಗ ದೇಹ ಕೆಮ್ಮುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆದರೆ ಕೊಳವೆ ಇರುವವರಿಗೆ ತಾವಾಗಿಯೇ ಕೆಮ್ಮಿ ಉಗುಳಲು ಬರುವುದಿಲ್ಲ; ಬಿಟ್ಟರೆ ಕಫ ಕಟ್ಟಿ ಕೊಳವೆಯೇ ಮುಚ್ಚಿಹೋದೀತು. ಮೊದಲು ಪೂರ್ಣ ಆಮ್ಲಜನಕ ಕೊಟ್ಟು, 15 ಸೆಕೆಂಡ್ ಮೀರದಂತೆ ತೆಗೆದು, ಮತ್ತೆ ಉಸಿರು ತುಂಬಿಕೊಳ್ಳಲು ಬಿಡುತ್ತೇವೆ. ಏಕೆಂದರೆ ನಳಿಕೆ ಕಫದ ಜೊತೆಗೆ ಗಾಳಿಯನ್ನೂ ಎಳೆಯುತ್ತದೆ. ನಾನಂತೂ ಪ್ರತಿ ಸಲವೂ ಕಿವಿಯ ಬಳಿ ಬಗ್ಗಿ "ಅಮ್ಮಾ, ಕಫ ತೆಗೆಯುತ್ತೇನೆ, ಕೆಮ್ಮು ಬರುತ್ತದೆ, ಈಗ ಮುಗಿಯುತ್ತದೆ" ಎಂದು ಹೇಳಿಯೇ ಶುರು ಮಾಡುವುದು. ಎಚ್ಚರವಿಲ್ಲ ಎಂದುಕೊಂಡವರು ಆಮೇಲೆ ಎದ್ದು, ಹಾಸಿಗೆಯ ಪಕ್ಕ ಯಾರು ಏನು ಮಾತನಾಡಿದರು ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ.

ನೋವನ್ನೂ ಹಾಗೆಯೇ ಹುಡುಕಿ ಹಿಡಿಯಬೇಕು. ಬಾಯಿ ಬಿಟ್ಟು ಹೇಳಲಾಗದವರ ಹುಬ್ಬು ಗಂಟಾಗಿದೆಯೇ, ಮುಷ್ಟಿ ಬಿಗಿದಿದೆಯೇ, ತೋಳು ಮಡಚಲು ಹೋದರೆ ತಡೆಯುತ್ತದೆಯೇ, ವೆಂಟಿಲೇಟರ್ ಜೊತೆ ಗುದ್ದಾಡುತ್ತಿದ್ದಾರೆಯೇ ಎಂದು ನೋಡಿ ಅಂಕ ಹಾಕುತ್ತೇವೆ. ನೀನು ನೋಡಿದ ಹಾಳೆಯಲ್ಲಿ ಅದಕ್ಕೂ ಒಂದು ಸಾಲಿದೆ. ಮುಖ ನೋಡುವುದಿಲ್ಲ ಎಂದೆಯಲ್ಲ ಗೆಳೆಯಾ, ಆ ಸಾಲು ತುಂಬಬೇಕಾದರೆ ಮುಖವನ್ನೇ ನೋಡಬೇಕು.

ಉಳಿದ ಕೆಲಸಗಳು ಹೊರಗಿನವರ ಕಣ್ಣಿಗೆ ಕೆಲಸ ಎಂದೇ ಕಾಣುವುದಿಲ್ಲ. ಹಲ್ಲುಜ್ಜಿಸಿ ಬಾಯಿ ಸ್ವಚ್ಛಗೊಳಿಸುವುದು, ತಲೆಯ ಭಾಗವನ್ನು 30 ಡಿಗ್ರಿಗಿಂತ ಕೆಳಗೆ ಇಳಿಯದಂತೆ ಎತ್ತರಿಸಿಡುವುದು: ಬಾಯಿಯ ಕೊಳೆ ಕೊಳವೆಯ ಪಕ್ಕದಿಂದ ಶ್ವಾಸಕೋಶಕ್ಕೆ ಸೋರಿ ನ್ಯುಮೋನಿಯಾ ಆಗದಿರಲಿ ಎಂದು. ರೆಪ್ಪೆ ಪೂರ್ತಿ ಮುಚ್ಚದ ಕಣ್ಣು ಒಣಗಿ ಹುಣ್ಣಾಗದಂತೆ ಮುಲಾಮು ಹಚ್ಚುವುದು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಒಬ್ಬರು ತಲೆಯ ಬಳಿ ನಿಂತು ಕೊಳವೆ ಹಿಡಿದಿರುತ್ತಾರೆ, ಅವರು "ಹೂಂ" ಎಂದ ಮೇಲೆಯೇ ಉಳಿದವರು ಹೊರಳಿಸುವುದು. ಹೊರಳಿಸಿದಾಗ ಸೊಂಟದ ಕೆಳಗೆ, ಹಿಮ್ಮಡಿಯಲ್ಲಿ, ತಲೆಯ ಹಿಂಭಾಗದಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಒತ್ತಿ ನೋಡುತ್ತೇವೆ. ಒತ್ತಿದರೂ ಮಾಸದ ಕೆಂಪು ಕಂಡರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಕಪ್ಪು ಚರ್ಮದಲ್ಲಿ ಆ ಕೆಂಪು ಕಾಣದು, ಬೆರಳಿಗೆ ಬಿಸಿಯೋ ಗಟ್ಟಿಯೋ ಹತ್ತುತ್ತದೆಯೇ ಎಂದು ಮುಟ್ಟಿಯೇ ತಿಳಿಯಬೇಕು.

ಇಲ್ಲಿ ನನ್ನ ಸಿಟ್ಟನ್ನೂ ಹೇಳಿಬಿಡುತ್ತೇನೆ. ವೆಂಟಿಲೇಟರ್ ಮೇಲಿರುವ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕು. ಒಬ್ಬರ ಕೈಗೆ ಮೂವರನ್ನು ಕೊಟ್ಟರೆ ಜೀವ ಉಳಿಸುವ ಔಷಧಿ ಹೇಗೋ ಹೊತ್ತಿಗೆ ಸರಿಯಾಗಿ ಹೋಗುತ್ತದೆ. ಬಿಟ್ಟುಹೋಗುವುದು ಬಾಯಿ, ಕಣ್ಣು, ಮಗ್ಗುಲು. ಒಂದು ಪಾಳಿಯಲ್ಲಿ ಬಿಟ್ಟರೆ ಗೊತ್ತಾಗುವುದಿಲ್ಲ, ಐದು ದಿನದ ಮೇಲೆ ನ್ಯುಮೋನಿಯಾ ಆಗಿ, ಹುಣ್ಣಾಗಿ ಅದು ಎದುರು ಬಂದು ನಿಲ್ಲುತ್ತದೆ. ದುಬಾರಿ ಯಂತ್ರ ಕೊಂಡು ನರ್ಸ್‌ಗಳ ಸಂಖ್ಯೆ ಕಡಿಮೆ ಮಾಡುವವರನ್ನು ನಾನು ಕ್ಷಮಿಸಲಾರೆ. ಐಸಿಯು ಹುಟ್ಟಿದ್ದೇ ಪಕ್ಕದಲ್ಲಿ ಕುಳಿತ ಮನುಷ್ಯರಿಂದ. 1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೊ ಹಬ್ಬಿ ಜನ ಉಸಿರಾಡಲಾಗದೆ ಸಾಯುತ್ತಿದ್ದಾಗ, ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ತಜ್ಞರು ಗಂಟಲಿನಲ್ಲಿ ರಂಧ್ರ ಮಾಡಿ ಕೊಳವೆ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬುವ ದಾರಿ ತೋರಿಸಿದರು. ಸಾಕಷ್ಟು ಯಂತ್ರಗಳಿರಲಿಲ್ಲ. ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕುಳಿತು ಹಗಲೂ ರಾತ್ರಿ ಚೀಲ ಒತ್ತಿದರು. ಮರುವರ್ಷ ಇಬ್ಸೆನ್ ತೆರೆದ ಘಟಕವನ್ನೇ ಮೊದಲ ಐಸಿಯು ಎಂದು ಹಲವರು ಗುರುತಿಸುತ್ತಾರೆ.

ಈಗ ನಿನ್ನ ಕೆಲಸ. ನಾಳೆ ಹೋಗುವಾಗ ಅಮ್ಮನ ಕನ್ನಡಕ ಮತ್ತು ಕಿವಿಯ ಯಂತ್ರ ತೆಗೆದುಕೊಂಡು ಹೋಗು. ಮತ್ತಿನ ಔಷಧಿ ಕಡಿಮೆ ಮಾಡಿದಂತೆ ಅವರಿಗೆ ಗೊಂದಲ ಶುರುವಾಗಬಹುದು, ಕೊಳವೆ ಕೀಳಲು ಹೋಗಬಹುದು, ನಿನ್ನನ್ನೇ ಗುರುತಿಸದಿರಬಹುದು. ಇದಕ್ಕೆ ಡೆಲಿರಿಯಮ್ ಎನ್ನುತ್ತಾರೆ. ಬುದ್ಧಿ ಕೆಟ್ಟಿತೆಂದು ಹೆದರಬೇಡ. ಕೆಲವರಲ್ಲಿ ಅದು ಸುಮ್ಮನೆ ಮಂಕಾಗಿ ಗೋಡೆ ನೋಡುವುದರಲ್ಲೇ ಕಾಣುತ್ತದೆ, ಎಲ್ಲರೂ ನಿದ್ದೆ ಎಂದುಕೊಳ್ಳುತ್ತಾರೆ. ಕಣ್ಣು ಕಾಣುವುದು, ಕಿವಿ ಕೇಳುವುದು, ಹಗಲಿಗೆ ಬೆಳಕು, ರಾತ್ರಿಗೆ ಕತ್ತಲೆ, ಪರಿಚಯದ ದನಿ, ಇವು ಬಹಳ ನೆರವಾಗುತ್ತವೆ. ಪ್ರತಿ ಸಲವೂ ನಿನ್ನ ಹೆಸರು ಹೇಳು, ಇವತ್ತು ಯಾವ ವಾರ, ಎಷ್ಟು ಹೊತ್ತು ಎಂದು ಹೇಳು. ಕೈ ತೊಳೆದುಕೊಂಡು ಅವರ ಕೈ ಹಿಡಿ.

ನರ್ಸ್‌ಗೆ ಅಮ್ಮನ ಬಗ್ಗೆ ಹೇಳು. ಯಾವ ಕಿವಿ ಚೆನ್ನಾಗಿ ಕೇಳುತ್ತದೆ, ಯಾವ ಮಗ್ಗುಲಿಗೆ ಮಲಗಿದರೆ ನಿದ್ದೆ ಹತ್ತುತ್ತದೆ, ಹಳೆಯ ಮಂಡಿನೋವು ಯಾವ ಕಾಲಿನದು, ಎಲ್ಲರೂ ಅವರನ್ನು ಏನೆಂದು ಕರೆಯುತ್ತಾರೆ. ನಮ್ಮ ಹಾಳೆಯಲ್ಲಿ ಇವಕ್ಕೆ ಜಾಗವಿಲ್ಲ, ಆದರೆ ನಮ್ಮ ಕೈಗೆ ಇವು ಬೇಕು. ಹಾಗೆಯೇ ಒಂದು ನೋಟ್‌ಬುಕ್ ತೆಗೆದುಕೊಂಡು ದಿನಕ್ಕೆ ನಾಲ್ಕು ಸಾಲು ಬರೆದಿಡು: ಇವತ್ತು ಕಣ್ಣು ತೆರೆದರು, ತಂಗಿ ಬಂದಿದ್ದಳು, ಮಳೆ ಬಂತು, ಹೀಗೆ. ಅಮ್ಮ ಎದ್ದಾಗ ಈ ದಿನಗಳೆಲ್ಲ ಖಾಲಿಯಾಗಿರುತ್ತವೆ, ಅಥವಾ ಕೆಟ್ಟ ಕನಸುಗಳಿಂದ ತುಂಬಿರುತ್ತವೆ. ನಿಜವಾಗಿ ಏನಾಯಿತೆಂದು ಓದಿಕೊಳ್ಳಲು ಅವರಿಗೊಂದು ಆಧಾರ ಬೇಕಾಗುತ್ತದೆ.

ಎಲ್ಲವೂ ಸರಿಹೋಗುತ್ತದೆ ಎಂದು ನಿನಗೆ ಬರೆದುಕೊಡಲು ನನ್ನಿಂದಾಗದು. ಅಮ್ಮನ ಸ್ಥಿತಿ ಗಂಭೀರವಾಗಿಯೇ ಇದೆ.

ಇವತ್ತೂ ನನಗೆ ರಾತ್ರಿ ಪಾಳಿ. ಬೆಳಿಗ್ಗೆ ಒಂಬತ್ತರ ಮೇಲೆ ಫೋನ್ ಮಾಡು, ಎಚ್ಚರವಾಗಿರುತ್ತೇನೆ. ಮಾಡುವ ಮೊದಲು ಒಳಗೆ ಹೋಗಿ ಆ ನರ್ಸ್‌ನ ಪಕ್ಕ ನಿಂತು, ರಾತ್ರಿಯೆಲ್ಲ ಗಂಟೆಗಂಟೆಗೆ ಮೂತ್ರ ಎಷ್ಟು ಬಂತು, ಒತ್ತಡದ ಔಷಧಿಯ ವೇಗ ಸ್ವಲ್ಪವಾದರೂ ಇಳಿಯಿತೇ ಎಂದು ಕೇಳಿಕೊಂಡು ಬಾ. ಹಾಳೆಯನ್ನೇ ತಿರುಗಿಸಿ ತೋರಿಸಬಹುದು ಅವರು. ಆ ಅಂಕಿಗಳನ್ನು ನನಗೆ ಸಾಲಾಗಿ ಓದು.

ನಿನ್ನ,
ಹಳೆಯ ಬೆಂಚಿನ ಜೊತೆಗಾತಿ