ಗುಂಡ ನಿನ್ನನ್ನು ಮರೆತನೆಂಬ ಮಾತಿಗೆ

ಪ್ರೀತಿಯ ಪುಟ್ಟಿಗೆ,

ಅತ್ತೆಯ ಆಶೀರ್ವಾದಗಳು. ನನ್ನ ಮಂಡಿನೋವು, ಇಲ್ಲಿಯ ಮಳೆ, ನಿನ್ನ ಮಾವನ ಪಥ್ಯ ಎಲ್ಲವನ್ನೂ ನಿನ್ನಪ್ಪನಿಗೆ ಫೋನಿನಲ್ಲಿ ಹೇಳಿದ್ದೇನೆ, ನಿನಗೂ ತಲುಪಿರುತ್ತದೆ. ಅದನ್ನು ಬಿಡುತ್ತೇನೆ.

ಹಸು ಕರು ಹಾಕಿದ್ದು, ಕೋಳಿ ಸೌದೆ ರಾಶಿಯ ಹಿಂದೆ ಕದ್ದು ಕಾವಿಗೆ ಕೂತದ್ದು, ಚಿನ್ನು ಬಾಟಲಿಯ ತುಂಬ ಗೊದಮೊಟ್ಟೆ ಹಿಡಿದು ತಂದದ್ದು, ಎಲ್ಲ ಓದಿ ನಕ್ಕೆ. (ಗೊದಮೊಟ್ಟೆಗೆ ಕಾಲು ಮೂಡಿದ ಮೇಲೆ ಹತ್ತಿ ಕೂರಲು ಒಂದು ಕಲ್ಲು ಬೇಕು, ಇಲ್ಲದಿದ್ದರೆ ಕಪ್ಪೆಯಾಗುವ ಹೊತ್ತಿಗೆ ಮುಳುಗಿ ಸಾಯುತ್ತವೆ. ತಂದ ಹೊಂಡಕ್ಕೇ ವಾಪಸು ಬಿಟ್ಟರೆ ಇನ್ನೂ ಒಳ್ಳೆಯದು, ಹೇಳಿ ನೋಡು.) ಆದರೆ ಮೂರನೇ ಹಾಳೆಯ ಕೆಳಗೆ, ಜಾಗ ಸಾಲದೆ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದಿದ್ದೀಯಲ್ಲ, ‘ಗುಂಡ ನನ್ನನ್ನು ಮರೆತಿದ್ದಾನೆ ಅತ್ತೆ’ ಅಂತ, ಅಲ್ಲಿಗೇ ನನ್ನ ಓದು ನಿಂತಿತು. ಉಳಿದದ್ದನ್ನು ಆಮೇಲೆ ಓದಿದೆ.

ಸಾಕಿದ ಆ ನಾಯಿ ನಿನಗೆ ಏನು ಅನ್ನುವುದನ್ನು ನೀನು ನನಗೆ ಹೇಳಬೇಕಿಲ್ಲ. ಸಂಜೆ ಕೊಟ್ಟಿಗೆಯಿಂದ ಬಕೆಟ್ ಹಿಡಿದು ಬರುವಾಗ ನಿನ್ನನ್ನೇ ನೋಡಿ ಹಲ್ಲು ಕಿರಿದು ಗುರ್ರೆಂದ, ಬೆನ್ನ ಮೇಲಿನ ಕೂದಲು ನೆಟ್ಟಗಾಗಿತ್ತು, ಹೆಸರು ಹಿಡಿದು ಕರೆದರೂ ಗುರುತು ಹತ್ತಲಿಲ್ಲ ಅಂತ ಬರೆದಿದ್ದೀಯ. ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ.

ಮರೆವು ಅಂತ ತೀರ್ಮಾನಿಸುವ ಮುಂಚೆ ಕಣ್ಣು ಕಿವಿ ನೋಡಿಸಬೇಕು ಪುಟ್ಟಿ. ಮುದಿ ನಾಯಿಗಳ ಕಣ್ಣು ನೀಲಿ ಮಂಜು ಕವಿದಂತೆ ಕಾಣುವುದೆಲ್ಲ ಪೊರೆಯಲ್ಲ. ಮಸೂರ ವಯಸ್ಸಿಗೆ ಗಟ್ಟಿಯಾಗಿ ಹಾಗೆ ಕಾಣುತ್ತದೆ, ಹಗಲಿನ ದೃಷ್ಟಿ ಅಷ್ಟೇನೂ ಕೆಡುವುದಿಲ್ಲ. ಆದರೆ ಮಬ್ಬಿನಲ್ಲಿ, ಕೊಟ್ಟಿಗೆಯ ದೀಪ ನಿನ್ನ ಬೆನ್ನಿಗಿದ್ದಾಗ, ಎದುರು ಬರುವ ಕಪ್ಪು ಆಕಾರ ಯಾರದೆಂದು ತಿಳಿಯದೆ ಹೋಗಬಹುದು. ಕಿವಿ ಮಂದವಾಗಿದ್ದರೆ ಕರೆದದ್ದು ಕೇಳಿಸಿರುವುದಿಲ್ಲ. ಮಳೆಗೆ ತಲೆಯ ಮೇಲೆ ಗೋಣಿಕೊಪ್ಪೆ ಹಾಕಿಕೊಂಡಿದ್ದೆ ಅಂತ ನೀನೇ ಬರೆದಿದ್ದೀಯ. ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತೋ ಏನೋ. ಸೊಂಟವೋ ಹಲ್ಲೋ ನೋಯುತ್ತಿದ್ದರೂ ನಾಯಿ ಗುರ್ರೆನ್ನುತ್ತದೆ.

ಇಷ್ಟು ಹೇಳಿ ಸಮಾಧಾನ ಮಾಡಿ ಮುಗಿಸಿಬಿಡಬಹುದಿತ್ತು. ಆದರೆ ರಾತ್ರಿ ಎದ್ದು ಗೋಡೆಗೆ ಮುಖ ಮಾಡಿ ನಿಲ್ಲುತ್ತಾನೆ, ಬಾಗಿಲು ತೆರೆಯುವ ಕಡೆ ಬಿಟ್ಟು ಬಿಜಾಗರಿಯ ಕಡೆ ಹೋಗಿ ಕಾಯುತ್ತಾನೆ ಅಂತಲೂ ಬರೆದಿದ್ದೀಯಲ್ಲ. ಅದಕ್ಕೆ ಕಣ್ಣೊಂದೇ ಕಾರಣ ಅಂತ ಹೇಳಲು ನನಗೆ ಬಾಯಿ ಬರುತ್ತಿಲ್ಲ. ನಾಯಿಗಳಿಗೂ ಅರಳುಮರುಳು ಬರುತ್ತದೆ. ಆಲ್ಝೈಮರ್ ಕಾಯಿಲೆಯಲ್ಲಿ ಮನುಷ್ಯರ ಮಿದುಳಿನಲ್ಲಿ ಕೂಡಿಕೊಳ್ಳುವ ಬೀಟಾ ಅಮಿಲಾಯ್ಡ್ ಎಂಬ ಪ್ರೋಟೀನೇ ಮುದಿ ನಾಯಿಗಳ ಮಿದುಳಿನಲ್ಲೂ ಕೂಡಿಕೊಳ್ಳುತ್ತದೆ. ದಾರಿ ತಪ್ಪುವುದು, ಹಗಲು ಮಲಗಿ ರಾತ್ರಿ ಅಲೆಯುವುದು, ಮನೆಯೊಳಗೇ ಗಲೀಜು ಮಾಡುವುದು, ಮನೆಯವರೊಡನೆ ಬೇರೆ ಥರ ನಡೆದುಕೊಳ್ಳುವುದು ಇದರ ಲಕ್ಷಣ. ಕ್ಯಾಲಿಫೋರ್ನಿಯಾದ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11-12 ವರ್ಷದ ನಾಯಿಗಳಲ್ಲಿ ಶೇ 28ರಷ್ಟು, 15-16 ವರ್ಷದವುಗಳಲ್ಲಿ ಶೇ 68ರಷ್ಟು ಇಂಥ ಒಂದಾದರೂ ಲಕ್ಷಣ ತೋರಿಸಿದ್ದವು. ಗುಂಡನಿಗೆ 14 ದಾಟಿತಲ್ಲವೇ? ಪಾಠ ಹೇಳಿ ಹೇಳಿ ಬಂದ ಚಾಳಿ ಇದು, ಅಂಕಿ ಹೇಳದೆ ನನ್ನ ಮಾತು ಮುಂದೆ ಹೋಗುವುದಿಲ್ಲ. ಅವನೊಬ್ಬನಿಗೇ ಬಂದದ್ದಲ್ಲ, ನೀನು ಏನೋ ಕಡಿಮೆ ಮಾಡಿದ್ದಕ್ಕೆ ಬಂದದ್ದೂ ಅಲ್ಲ, ಅಂತ ಹೇಳಲು ಇಷ್ಟು ಸುತ್ತಿದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಈ ಕಾಯಿಲೆಯಲ್ಲ. ನೀನು ಗೇಟಿನ ಹಿಂದೆ ಅಡಗಿ ನಿಂತು ಅವನನ್ನು ಕರೆದು ನೋಡುತ್ತಿದ್ದೀಯಲ್ಲ, ಅದು. ಹಳೆಯ ಬಟ್ಟೆ ಹಾಕಿಕೊಂಡು ಒಂದು ಸಲ, ಹೊಸದು ಹಾಕಿಕೊಂಡು ಒಂದು ಸಲ. ಎಷ್ಟು ಸಲ ಬಂದ, ಎಷ್ಟು ಸಲ ಬರಲಿಲ್ಲ ಅಂತ ಗೀಟು ಎಳೆದು ಲೆಕ್ಕ ಬೇರೆ ಇಟ್ಟಿದ್ದೀಯ.

ನಿನ್ನಜ್ಜಿಯ ಕೊನೆಯ ವರ್ಷಗಳನ್ನು ಮತ್ತೆ ಬರೆಯುವುದಿಲ್ಲ. ಹಿತ್ತಲ ಬಾಗಿಲಿನ ಚಿಲಕ ಯಾಕೆ ಅಷ್ಟು ಎತ್ತರದಲ್ಲಿದೆ ಅನ್ನುವುದು ಆ ಮನೆಯವರಿಗೆಲ್ಲ ಗೊತ್ತು. ನೀನು ಆಗ ತೀರಾ ಚಿಕ್ಕವಳು, ನೋಡಿರದ ಒಂದು ಸಂಗತಿ ಇದೆ. ನೋಡಲು ಬಂದವರೆಲ್ಲ ಅವಳೆದುರು ಬಗ್ಗಿ, ಮುಖ ಹತ್ತಿರ ತಂದು, ‘ನಾನ್ಯಾರು ಹೇಳಿ ನೋಡೋಣ’ ಅನ್ನುತ್ತಿದ್ದರು. ಪ್ರೀತಿಯಿಂದಲೇ ಕೇಳುತ್ತಿದ್ದರು. ಸರಿಯಾಗಿ ಹೇಳಿದರೆ ಕೋಣೆಯಲ್ಲಿ ಸಂಭ್ರಮ, ಹೇಳದಿದ್ದರೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುವುದು. ಅಮ್ಮ ನಗುತ್ತಿದ್ದಳು. ಓದಿಕೊಂಡು ಬಾರದ ಹುಡುಗರನ್ನು ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದಾಗ ಅವರ ಮುಖದಲ್ಲಿ ಬರುತ್ತದಲ್ಲ, ಅಂಥ ನಗು.

ನಾನೂ ಕೇಳುತ್ತಿದ್ದೆ. ರಜೆಗೆ ಬಂದವಳು ಬ್ಯಾಗು ಇಳಿಸುವ ಮೊದಲೇ ಕೇಳುತ್ತಿದ್ದೆ. ಅವಳು ನನ್ನನ್ನು ಸುಬ್ಬಿ ಅನ್ನುತ್ತಿದ್ದಳು. ಸುಬ್ಬಿ ಅವಳ ತಂಗಿ, ಲಂಗ ತೊಡುವ ವಯಸ್ಸಿನಲ್ಲೇ ಹೋದವಳು. ‘ಸುಬ್ಬಿಯಲ್ಲಮ್ಮ, ನಾನು’ ಅಂತ ಪ್ರತಿ ಸಲವೂ ತಿದ್ದಿದೆ. ಎಂದೋ ಮಾರಿದ್ದ ಹಸು ಗೌರಿಯ ಹೆಸರು ನೆನಪಿದೆ, ಹೊಟ್ಟೆಯಲ್ಲಿ ಹುಟ್ಟಿದವಳದ್ದಿಲ್ಲ ಅಂತ ಆ ಹಸುವಿನ ಮೇಲೆ ಹೊಟ್ಟೆಕಿಚ್ಚು ಪಟ್ಟದ್ದೂ ಉಂಟು, ನಗಬೇಡ. ಸುಬ್ಬಿಗೆ ಹೇಳಬೇಕೆಂದಿದ್ದ ಏನೋ ಒಂದು ಅವಳಲ್ಲಿ ಉಳಿದಿತ್ತು. ನನ್ನ ಸೆರಗು ಹಿಡಿದುಕೊಂಡು ‘ಸುಬ್ಬೀ, ಅವತ್ತು’ ಅಂತ ಶುರು ಮಾಡುವಳು. ನಾನು ತಿದ್ದುವೆ. ಅವಳು ಸೆರಗು ಬಿಟ್ಟು ಸುಮ್ಮನಾಗುವಳು. ಅವತ್ತು ಏನಾಗಿತ್ತೋ, ಈಗ ಹೇಳುವವರು ಯಾರೂ ಇಲ್ಲ. ಸ್ವಲ್ಪ ಹೊತ್ತು ಸುಬ್ಬಿಯಾಗಿ ಕೂತಿದ್ದರೆ ನನ್ನ ಗಂಟೇನು ಹೋಗುತ್ತಿತ್ತು ಅಂತ ಇಷ್ಟು ವರ್ಷದ ಮೇಲೂ ಅನ್ನಿಸುತ್ತದೆ.

ಆದ್ದರಿಂದ ಗೇಟಿನ ಹಿಂದೆ ಅಡಗಬೇಡ ಪುಟ್ಟಿ. ಆ ಲೆಕ್ಕದ ಹಾಳೆಯನ್ನು ಒಲೆಗೆ ಹಾಕು.

ನೀನು ಅವನಿಗೆ ಹೀಗೆ ಪರೀಕ್ಷೆ ಇಟ್ಟದ್ದು ಓದಿ ನೆನಪಾಯಿತು, ಚಾರ್ಲ್ಸ್ ಡಾರ್ವಿನ್ ಕೂಡ ಇದನ್ನೇ ಮಾಡಿದ್ದ. ಬೀಗಲ್ ಹಡಗಿನ ಪ್ರಯಾಣಕ್ಕೆಂದು 1831ರಲ್ಲಿ ಮನೆ ಬಿಟ್ಟವನು 1836ರ ಅಕ್ಟೋಬರಿನಲ್ಲಿ ವಾಪಸಾದ. ಐದು ವರ್ಷ ಎರಡು ದಿನ ಅಂತ ಅವನೇ ಬರೆದಿಟ್ಟಿದ್ದಾನೆ. ಹೊರಗಿನವರನ್ನು ಹತ್ತಿರ ಬಿಟ್ಟುಕೊಳ್ಳದ ಒಂದು ಸಿಡುಕು ನಾಯಿ ಅವನಿಗಿತ್ತು. ಅದಕ್ಕೆ ತನ್ನ ನೆನಪಿದೆಯೋ ನೋಡೋಣ ಅಂತ ಬೇಕೆಂದೇ ಲಾಯದ ಹತ್ತಿರ ಹೋಗಿ ಹಿಂದಿನ ಹಾಗೆಯೇ ಕೂಗಿದ. ನಾಯಿ ಸಂತೋಷವನ್ನೇನೂ ತೋರಿಸಲಿಲ್ಲವಂತೆ. ಅರ್ಧ ಗಂಟೆ ಮುಂಚೆ ಬಿಟ್ಟು ಹೋದವನು ಬಂದ ಹಾಗೆ ಎದ್ದು ಅವನ ಹಿಂದೆ ತಿರುಗಾಟಕ್ಕೆ ಹೊರಟಿತು, ಹೇಳಿದ ಮಾತು ಕೇಳಿತು. ನಾಯಿಯ ಜ್ಞಾಪಕಶಕ್ತಿ ಎಷ್ಟು ಗಟ್ಟಿ ಅನ್ನುವುದಕ್ಕೆ ಇದನ್ನು ತರಗತಿಯಲ್ಲಿ ಹೇಳುತ್ತಿದ್ದೆ. ಸಂತೋಷ ತೋರಿಸಲಿಲ್ಲ ಅನ್ನುವ ಭಾಗವನ್ನು ಮಾತ್ರ ಬಿಟ್ಟುಬಿಡುತ್ತಿದ್ದೆ, ಮಕ್ಕಳಿಗೆ ರುಚಿಸುವುದಿಲ್ಲ ಅಂತ. ಈಗ ನನಗೆ ಆ ಭಾಗವೇ ಬೇಕಾಗಿದೆ.

ಯಾಕೆಂದರೆ, ಬಟ್ಟೆ ಒಗೆಯುವಾಗ ಬಂದು ಕಲ್ಲಿನ ಹತ್ತಿರ ಮಲಗುತ್ತಾನೆ, ನೀರು ಸಿಡಿದರೂ ಏಳುವುದಿಲ್ಲ ಅಂತ ನೀನೇ ಎರಡನೇ ಹಾಳೆಯಲ್ಲಿ ಬರೆದಿದ್ದೀಯ. ಅದನ್ನು ನಿನ್ನ ಗೀಟಿನ ಲೆಕ್ಕದಲ್ಲಿ ಯಾಕೆ ಸೇರಿಸಿಲ್ಲ? ಬಾಲ ಅಲ್ಲಾಡಿಸಲಿಲ್ಲ ಅಂತಲೇ? ಬೆಕ್ಕು ಯಾವತ್ತು ಬಾಲ ಅಲ್ಲಾಡಿಸಿ ನಿನ್ನನ್ನು ಎದುರುಗೊಂಡಿದೆ? 2013ರಲ್ಲಿ ಜಪಾನಿನ ಸಂಶೋಧಕರು ಬೆಕ್ಕುಗಳಿಗೆ ಯಜಮಾನರ ದನಿಯನ್ನೂ ಬೇರೆಯವರ ದನಿಯನ್ನೂ ಕೇಳಿಸಿ ನೋಡಿದರು. ತಮ್ಮವರ ದನಿ ಅವುಗಳಿಗೆ ಚೆನ್ನಾಗಿ ಗೊತ್ತಾಗುತ್ತದೆ, ಕಿವಿ ತಿರುಗಿಸುತ್ತವೆ, ತಲೆ ತಿರುಗಿಸುತ್ತವೆ, ಎದ್ದು ಮಾತ್ರ ಬರುವುದಿಲ್ಲ. ನಿಮ್ಮ ಬೆಕ್ಕಿನ ವಿಷಯದಲ್ಲಿ ಇದಕ್ಕೆ ಸಂಶೋಧನೆ ಬೇಕಿರಲಿಲ್ಲ. ಅದಕ್ಕಾಗಿ ನೀನು ಎಂದೂ ಅತ್ತಿಲ್ಲ.

ಗುಂಡನಿಗೆ ಮೂಗಿನ ಚುರುಕು ಇನ್ನೂ ಇರಬಹುದು. ಅಮೆರಿಕದ ಎಮೋರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಅವರ ತಂಡ ನಾಯಿಗಳನ್ನು ಎಂಆರ್‌ಐ ಯಂತ್ರದಲ್ಲಿ ಅಲುಗದೆ ಮಲಗುವಂತೆ ಪಳಗಿಸಿ, ಬೇರೆ ಬೇರೆ ವಾಸನೆ ಮೂಸಿಸಿ ನೋಡಿದೆ. ಒಳ್ಳೆಯದೇನೋ ಬರಲಿದೆ ಅನ್ನುವಾಗ ಚುರುಕಾಗುವ ಮಿದುಳಿನ ಭಾಗ, ಮನೆಯವರ ವಾಸನೆಗೆ ಉಳಿದೆಲ್ಲಕ್ಕಿಂತ ಹೆಚ್ಚು ಮಿಸುಕಿತು, ಆ ಮನೆಯವರು ಎದುರಿಗೆ ಇಲ್ಲದಿದ್ದರೂ. ಅವು ಆರೋಗ್ಯವಾಗಿದ್ದ ನಾಯಿಗಳು. ಗುಂಡನಿಗೂ ಹಾಗೇ ಆಗುತ್ತದೆ ಅಂತ ನಾನು ಆಣೆ ಇಡಲಾರೆ. ಆದರೂ ನೀನು ಉಟ್ಟು ಬಿಟ್ಟ ಹಳೆಯ ಬಟ್ಟೆಯೊಂದನ್ನು ಒಗೆಯದೆ ಅವನ ಗೋಣಿಯ ಮೇಲೆ ಹಾಸಿದರೆ ಹೋಗುವುದೇನು.

ಬುದ್ಧಿ ಹೇಳಲು ಕೂತಿದ್ದೇನೆ ಅಂದುಕೊಳ್ಳಬೇಡ, ಗೊತ್ತಿದ್ದರೆ ಬಿಟ್ಟುಬಿಡು. ಪಶುವೈದ್ಯರಿಗೆ ತೋರಿಸು. ರಕ್ತ, ಮೂತ್ರ ನೋಡಲಿ, ಮೂತ್ರಪಿಂಡ ಸೋತರೂ ನೋವಿದ್ದರೂ ನಾಯಿ ಬದಲಾಗುತ್ತದೆ. ರೇಬಿಸ್ ಲಸಿಕೆ ಪ್ರತಿ ವರ್ಷ ತಪ್ಪದೆ ಹಾಕಿಸಿದ್ದೀರಿ ತಾನೇ? ಇದ್ದಕ್ಕಿದ್ದಂತೆ ನಡವಳಿಕೆ ಬದಲಾದ ನಾಯಿ ಅಂದರೆ ಇದನ್ನು ಕೇಳಲೇಬೇಕು. ಹಲ್ಲು ತಾಗಿದರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು ಅವತ್ತೇ ಡಾಕ್ಟರ ಹತ್ತಿರ ಹೋಗುವುದು, ನಮ್ಮದೇ ನಾಯಿ ಅಂತ ಉದಾಸೀನ ಬೇಡ. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡ, ಐಬುಪ್ರೊಫೆನ್ ನಾಯಿಯ ಹೊಟ್ಟೆಯನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ನಾಯಿಗಳ ಅರಳುಮರುಳಿಗೆ ಸೆಲೆಗಿಲಿನ್ ಅಂತ ಒಂದು ಔಷಧಿ ಇದೆ, ಕೆಲವು ನಾಯಿಗಳು ಅದರಲ್ಲಿ ಸ್ವಲ್ಪ ಚೇತರಿಸಿಕೊಳ್ಳುತ್ತವೆ, ಕಾಯಿಲೆ ಹೋಗುವುದಿಲ್ಲ. ಕೊಡಬೇಕೋ ಬೇಡವೋ ಅವರೇ ಹೇಳಲಿ.

ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಬೆಂಚು, ಮಂಚ ಜರುಗಿಸಬೇಡಿ, ಅವನು ಈಗ ಮನೆಯನ್ನು ಅಭ್ಯಾಸಬಲದಿಂದ ನಡೆಯುತ್ತಿರುತ್ತಾನೆ. ಬಾವಿಗೆ ಕಟ್ಟೆ ಇದೆ, ಆ ಹಳೆಯ ಗೊಬ್ಬರದ ಗುಂಡಿಗೆ ಏನೂ ಇಲ್ಲ, ಅದೊಂದು ನೋಡು. ಚಿನ್ನುವಿಗೆ ಹೇಳು, ಮಲಗಿದವನನ್ನು ಹಿಂದಿನಿಂದ ಮುಟ್ಟಬಾರದು, ದೂರದಿಂದಲೇ ನೆಲ ತಟ್ಟಲಿ, ಕಿವಿ ಕೇಳದಿದ್ದರೂ ಅದುರಿದ್ದು ತಿಳಿಯುತ್ತದೆ. ಇಬ್ಬರನ್ನೇ ಬಿಟ್ಟು ಹೋಗಬೇಡ. ಅವನಿಗೆ ಗುಂಡನ ಮೇಲೆ ಎಷ್ಟು ಪ್ರೀತಿಯಿದ್ದರೂ ಸರಿ. ನೀನು ಬರುವಾಗ ಬಕೆಟ್ಟಿನ ಹಿಡಿ ಸದ್ದು ಮಾಡಿಕೊಂಡು, ಪಕ್ಕದಿಂದ, ಮಾತಾಡುತ್ತಾ ಬಾ. ಗುರ್ರೆಂದರೆ ನಿಂತುಬಿಡು. ‘ನಾನು ಕಣೋ, ನಾನು’ ಅಂತ ಮುಖದ ಹತ್ತಿರ ಮುಖ ಒಯ್ಯಬೇಡ. ನಿನ್ನ ಕೈ ಮೂಸುವ ತನಕ ಅವನಿಗೆ ನೀನು ಯಾರೋ ಒಬ್ಬಳು. ಇರಲಿ ಬಿಡು. ಯಾರೋ ಒಬ್ಬಳಾಗಿಯೇ ಅವನಿಗೆ ನೀರು ಇಡು.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಪೆನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡೆ. ಗುಂಡನ ಸಾಲಿನ ಕೆಳಗೇ ‘ಅಪ್ಪ ಮೊನ್ನೆ ಹಾಲಿನ ಲೆಕ್ಕ ಎರಡು ಸಲ ಬರೆದಿದ್ದರು’ ಅಂತ ಬರೆದು ಅದರ ಮೇಲೆ ಗೀಟು ಎಳೆದಿದ್ದೀಯ. ಗೀಟಿನ ಕೆಳಗಿನದ್ದು ಓದಲು ಬರುತ್ತದೆ ಮಗಳೇ. ಒಂದು ಸಂಜೆಯ ಗುರ್ರಿಗೆ ನೀನು ಇಷ್ಟು ನಡುಗಿದ್ದು ಯಾಕೆ ಅಂತ ನನಗೆ ಆಗ ತಿಳಿಯಿತು.

ಹಾಲಿನ ಲೆಕ್ಕ ನಾನೂ ಎರಡು ಸಲ ಬರೆಯುತ್ತೇನೆ, ಒಂದೊಂದು ದಿನ ಬರೆಯುವುದೇ ಇಲ್ಲ. ನಾನು ನಿನ್ನಪ್ಪನಿಗಿಂತ ದೊಡ್ಡವಳು, ಅದೇ ತಾಯಿಯ ಮಗಳು. ಹೆದರುವುದಿದ್ದರೆ ಸರದಿಯಲ್ಲಿ ನಾನು ಮುಂದಿದ್ದೇನೆ. ವಯಸ್ಸಾದವರ ಮರೆವೆಲ್ಲ ಆ ಕಾಯಿಲೆಯಲ್ಲ. ಅಜ್ಜಿಗೆ ಬಂದಿತ್ತೆಂದು ಮಕ್ಕಳಿಗೆ ಬಂದೇ ತೀರಬೇಕೆಂದೂ ಇಲ್ಲ. ವಿಟಮಿನ್ ಬಿ12 ಕಡಿಮೆಯಾದರೆ, ಥೈರಾಯ್ಡ್ ಏರುಪೇರಾದರೆ, ನಿದ್ದೆ ಸರಿಯಿಲ್ಲದಿದ್ದರೆ, ಕಿವಿ ಮಂದವಾದರೆ ಎಲ್ಲವೂ ಮರೆವಿನ ಹಾಗೇ ಕಾಣುತ್ತದೆ, ಅವಕ್ಕೆಲ್ಲ ಔಷಧಿಯೋ ಉಪಾಯವೋ ಇದೆ. ಒಂದು ಸಲ ಡಾಕ್ಟರಿಗೆ ತೋರಿಸಿ. ಅವನು ಒಪ್ಪದಿದ್ದರೆ ನನ್ನ ಹೆಸರು ಹೇಳು, ಅತ್ತೆ ತಪಾಸಣೆ ಮಾಡಿಸಿಕೊಂಡರಂತೆ, ನೀವೂ ಮಾಡಿಸಿಕೊಳ್ಳಬೇಕಂತೆ ಅಂತ. ನಾನು ಮಾಡಿಸಿಕೊಂಡಿಲ್ಲ. ಆ ಮಾತು ಸುಳ್ಳಾಗದಿರಲಿ ಅಂತ ಈ ವಾರವೇ ಹೋಗುತ್ತೇನೆ.

ಆದರೆ ಎದುರು ಕೂರಿಸಿಕೊಂಡು ‘ಅಪ್ಪಾ, ಇವತ್ತು ಯಾವ ವಾರ’ ಅಂತ ನೀನು ಕೇಳಬೇಡ. ಅದನ್ನು ಕೇಳಲು ಡಾಕ್ಟರು ಇದ್ದಾರೆ. ನೀನು ಅವನ ಜೊತೆ ಕರುವಿನ ವಿಷಯ ಮಾತಾಡು, ಅದರಲ್ಲಿ ಅವನನ್ನು ಮೀರಿಸುವವರಿಲ್ಲ.

ಈ ಪತ್ರ ಅವನ ಕೈಗೆ ಸಿಕ್ಕರೆ ಸಿಗಲಿ, ಅಂತ ಮೊದಲು ಬರೆಯಲು ಹೊರಟಿದ್ದೆ. ಬೇಡ, ಎಲ್ಲಾದರೂ ಎತ್ತಿಡು. ಪಶುವೈದ್ಯರು ಏನಂದರು ಅಂತ ಫೋನ್ ಮಾಡು. ಮಧ್ಯಾಹ್ನ ಮಾಡು, ನಿನ್ನ ಮಾವ ಮಲಗಿರುತ್ತಾರೆ, ನಾವಿಬ್ಬರೇ ಮಾತಾಡಬಹುದು.

ನಿನ್ನ
ಅತ್ತೆ