ಆ ಪೆನ್‌ಡ್ರೈವ್ ಮುಟ್ಟಬೇಡಿ ಅಪ್ಪ

ಸ್ಟಟ್‌ಗಾರ್ಟ್
ಭಾನುವಾರ

ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಕಡಿಮೆ ಆಯ್ತಾ?

ಮೊದಲು ಕೆಲಸದ ಮಾತು. ಪೆನ್‌ಡ್ರೈವಿನಲ್ಲಿದ್ದ ಹಳೇ ಮನೆಯ ಫೋಟೋಗಳು ಅಳಿಸಿಹೋದವು ಅಂತ ಅಮ್ಮ ಹೇಳಿದಳು. ನೀವು ಎರಡು ದಿನ ರೀಸೈಕಲ್ ಬಿನ್ ಜಾಲಾಡಿದಿರಂತೆ. ಅಲ್ಲಿ ಸಿಗುವುದಿಲ್ಲ. ಪೆನ್‌ಡ್ರೈವಿನಿಂದ ಅಳಿಸಿದ್ದು ಸಾಮಾನ್ಯವಾಗಿ ಆ ಬುಟ್ಟಿಗೆ ಬೀಳುವುದೇ ಇಲ್ಲ. ಹಾಗಂತ ಹೋಗಿಯೂ ಇಲ್ಲ. ಡಿಲೀಟ್ ಒತ್ತಿದರೆ ಕಂಪ್ಯೂಟರ್ ಫೋಟೋವನ್ನು ಒರೆಸುವುದಿಲ್ಲ. ಈ ಜಾಗ ಖಾಲಿ ಅಂತ ತನ್ನ ಲೆಕ್ಕದಲ್ಲಿ ಬರೆದುಕೊಳ್ಳುತ್ತದೆ, ಅಷ್ಟೇ. ಪಹಣಿಯಲ್ಲಿ ಹೆಸರು ಹೊಡೆದು ಹಾಕಿದ ಮಾತ್ರಕ್ಕೆ ತೋಟದ ಮರ ಬಿದ್ದುಹೋಗುತ್ತದಾ? ಬೇರೆ ಯಾರೋ ಬಂದು, ಇದ್ದದ್ದನ್ನು ಕಿತ್ತು, ಹೊಸದು ನೆಟ್ಟರೆ ಆಗ ಹೋಯ್ತು. ಅದಕ್ಕೇ ಹೇಳುತ್ತಿರುವುದು, ಅದರೊಳಗೆ ಹೊಸದೇನೂ ಹಾಕಬೇಡಿ. ಪಕ್ಕದ ಮನೆ ಹುಡುಗ ಸಿನಿಮಾ ತುಂಬಿಸಿಕೊಡ್ತೀನಿ ಅಂದರೂ ಬೇಡ. ಲ್ಯಾಪ್‌ಟಾಪಿನ ಒಳಗೇ ಇದ್ದಿದ್ದರೆ ಕಷ್ಟವಿತ್ತು. ಅದರೊಳಗೆ ಫೈಲುಗಳನ್ನು ಇಡುವ ಈಗಿನ ಎಸ್‌ಎಸ್‌ಡಿ ಡಿಸ್ಕುಗಳು ಖಾಲಿ ಅಂತ ಗುರುತಾದ ಜಾಗವನ್ನು ತಾವೇ ಗುಡಿಸಿಬಿಡುತ್ತವೆ.

ಉದಾಹರಣೆ ಕೊಡಲು ಹೋಗಿ ತೋಟಕ್ಕೇ ಬಂದೆ ನೋಡಿ. ನಿಜವಾಗಿ ಬರೆಯಬೇಕಾಗಿದ್ದೂ ಅದೇ.

ಯುಗಾದಿಗೆ ಬಂದಾಗ ಜಗಲಿಯಲ್ಲಿ ಕೂತು ಅಂದೆನಲ್ಲ, "ನಿಮ್ಮ ಕಾಲ ಆದಮೇಲೆ ಅದಕ್ಕೆ ಯಾರು ನೀರು ಕಟ್ಟುತ್ತಾರೆ, ಸುಮ್ನೆ ಮಾರಿಬಿಡಿ" ಅಂತ. ನೀವು ಏನೂ ಅನ್ನಲಿಲ್ಲ. ಎಲೆಯಡಿಕೆ ತಟ್ಟೆ ಪಕ್ಕಕ್ಕೆ ಸರಿಸಿ ಎದ್ದು ಹೋದಿರಿ.

ಇಲ್ಲಿ ಆಫೀಸಿನ ಕೀಬೋರ್ಡ್ ಜರ್ಮನ್ನರದು. ಅದರಲ್ಲಿ ಝೆಡ್ ಇರಬೇಕಾದ ಕಡೆ ವೈ, ವೈ ಇರಬೇಕಾದ ಕಡೆ ಝೆಡ್. ತಪ್ಪು ಮಾಡಿದಾಗ ಕಂಟ್ರೋಲ್ ಝೆಡ್ ಒತ್ತಿದರೆ ಮಾಡಿದ್ದು ವಾಪಸ್ ಆಗುತ್ತದೆ, ನಿಮಗೂ ತೋರಿಸಿಕೊಟ್ಟಿದ್ದೆ. ಕಂಟ್ರೋಲ್ ವೈ ಅದರ ಉಲ್ಟಾ, ವಾಪಸ್ ಆದದ್ದನ್ನು ಮತ್ತೆ ಮಾಡುತ್ತದೆ. ನನ್ನ ಬೆರಳಿಗೆ ನಮ್ಮ ಕಡೆಯ ಅಭ್ಯಾಸ. ತಪ್ಪಾದ ಕೂಡಲೇ ಎಡಗಡೆ ಕೆಳಗಿನ ಮೂಲೆಗೆ ಹೋಗುತ್ತದೆ. ಅಲ್ಲಿ ಕೂತಿರುವುದು ವೈ. ಅಳಿಸಬೇಕು ಅಂತ ಒತ್ತಿದ್ದು, ಅಳಿಸಿದ್ದ ತಪ್ಪನ್ನೇ ತಂದು ಕೂರಿಸುತ್ತದೆ.

ನಿಮಗೆ ಫೋನ್ ಮಾಡಿದಾಗಲೂ ಇದೇ ಕಥೆ. ತಪ್ಪಾಯ್ತು ಅನ್ನೋಣ ಅಂತಲೇ ಮಾಡುತ್ತೇನೆ. ಐದು ನಿಮಿಷದಲ್ಲಿ ನುಸಿ ರೋಗ, ಕೊಬ್ಬರಿ ರೇಟು, ಆಳಿನ ಕೂಲಿ ಎಲ್ಲ ಬಂದು, ಕೊನೆಗೆ "ಅದಕ್ಕೇ ನಾನು ಹೇಳಿದ್ದು" ಅಂದಿರುತ್ತೇನೆ. ಅಷ್ಟರಲ್ಲಿ ಫೋನು ಅಮ್ಮನ ಕೈಗೆ ಹೋಗಿರುತ್ತದೆ. ಅದಕ್ಕೇ ಈ ಸಲ ಪೆನ್ನು ಹಿಡಿದೆ. ಎರಡು ಕಡೆ ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದರೆ ಓದಬಹುದು. ಓದಿ, ಪರವಾಗಿಲ್ಲ.

ತಪ್ಪಾಯ್ತು ಅಪ್ಪ. ಮಾರುವ ಮಾತು ನಾನು ಎತ್ತಬಾರದಿತ್ತು.

ಡಿಸೆಂಬರಿಗೆ ಬರುತ್ತೇನೆ. ಫೋಟೊರೆಕ್ ಅಂತ ಒಂದು ಪುಕ್ಕಟೆ ಸಾಫ್ಟ್‌ವೇರ್ ಇದೆ. ಅದು ಲೆಕ್ಕದ ಪುಸ್ತಕವನ್ನು ನಂಬಿ ಕೂರುವುದಿಲ್ಲ, ನೇರ ಹೊಲಕ್ಕೇ ಇಳಿಯುತ್ತದೆ. ಪ್ರತಿ ಜೆಪೆಗ್ ಫೋಟೋದ ಶುರುವಿಗೆ ಒಂದೇ ತರಹದ ಗುರುತು ಇರುತ್ತದೆ, ಅದನ್ನು ಹಿಡಿದು ಒಂದೊಂದಾಗಿ ಎತ್ತುತ್ತದೆ. ಎಲ್ಲವೂ ಸಿಗದಿರಬಹುದು, ಜಾಸ್ತಿ ಪಾಲು ಸಿಗುತ್ತದೆ. ಆದರೆ ನೀವು ಕೊಟ್ಟ ಹೆಸರುಗಳು ವಾಪಸ್ ಬರುವುದಿಲ್ಲ. ನಡುಮನೆ, ಅಜ್ಜಿ ಕೋಣೆ, ಹಿತ್ತಲ ಬಾಗಿಲು ಅಂತ ನೀವು ಒಂದೊಂದಕ್ಕೂ ಬರೆದಿದ್ದಿರಲ್ಲ, ಅವೆಲ್ಲ ಬರೀ ನಂಬರಾಗಿ ಬರುತ್ತವೆ. ಯಾವ ಗೋಡೆ ಯಾವ ಕೋಣೆಯದು ಅಂತ ನನಗೆ ತಿಳಿಯುವುದಿಲ್ಲ. ನೀವು ಪಕ್ಕದಲ್ಲಿ ಕೂತು ಹೇಳಬೇಕು, ನಾನು ಟೈಪ್ ಮಾಡುತ್ತೇನೆ.

ಅಲ್ಲಿಯವರೆಗೆ ಅದು ಪಹಣಿ ಇಟ್ಟಿರುವ ಟ್ರಂಕಿನಲ್ಲೇ ಇರಲಿ.

ಇಂತಿ,
ನಿಮ್ಮ ಮಗ